ಕ್ಯಾಪ್ಸ್ ಲಾಕ್ ಇಲ್ಲದ ವಿಂಡೋಸ್ ಲ್ಯಾಪ್‌ಟಾಪ್

ಹತ್ತು ಸಾವಿರದೊಳಗೆ ಲ್ಯಾಪ್‌ಟಾಪ್ ಕೊಡುತ್ತೇನೆ ಎಂದು ಯಾರಾದರೂ ತಂದು ತೋರಿಸಿದರೆ ಮೊದಲು ಪರದೆ ನೋಡಬೇಡಿ, ಕೀಬೋರ್ಡ್ ನೋಡಿ. ಎಡಗಡೆ ಕ್ಯಾಪ್ಸ್ ಲಾಕ್ ಇರಬೇಕಾದ ಜಾಗದಲ್ಲಿ ಭೂತಗನ್ನಡಿಯ ಚಿತ್ರವೋ ಸಣ್ಣ ವೃತ್ತವೋ ಇದೆಯೇ? ಮೇಲಿನ ಸಾಲಿನಲ್ಲಿ ಎಫ್1, ಎಫ್2 ಇಲ್ಲದೆ ಬಾಣದ ಗುರುತು, ರಿಫ್ರೆಶ್ ಸುತ್ತು, ಬೆಳಕು ಹೆಚ್ಚಿಸುವ ಚಿಹ್ನೆ ಇವೆಯೇ? ಕೀಲಿಗಳ ಮೇಲೆ ಇಂಗ್ಲಿಷಿನ ಸಣ್ಣಕ್ಷರಗಳು ಅಚ್ಚಾಗಿವೆಯೇ? ಡಿಲೀಟ್ ಕೀಲಿಯೂ ವಿಂಡೋಸ್ ಗುರುತಿನ ಕೀಲಿಯೂ ಹುಡುಕಿದರೆ ಸಿಗುವುದಿಲ್ಲವೇ? ಹಾಗಿದ್ದರೆ ಪರದೆಯ ಮೇಲೆ ವಿಂಡೋಸ್ 10 ಇರಲಿ, 11 ಇರಲಿ, ನಿಮ್ಮ ಕೈಯಲ್ಲಿರುವುದು ಕ್ರೋಮ್‌ಬುಕ್. ಗೂಗಲ್‌ನ ಕ್ರೋಮ್ ಓಎಸ್‌ಗಾಗಿ ತಯಾರಾದ ಯಂತ್ರದೊಳಗೆ ಮೈಕ್ರೋಸಾಫ್ಟ್‌ನ ವಿಂಡೋಸ್ ಕೂರಿಸಲಾಗಿದೆ. ಹೀಗೆ ಮಾಡಿ ಎಂದು ಗೂಗಲ್ ಹೇಳಿಲ್ಲ, ಮೈಕ್ರೋಸಾಫ್ಟೂ ಹೇಳಿಲ್ಲ, ಯಂತ್ರ ತಯಾರಿಸಿದ ಕಂಪನಿಯೂ ಹೇಳಿಲ್ಲ.

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ, ಸುತ್ತಲಿನ ತಾಂಡಾಗಳು, ಆಚೆ ಹೊನ್ನಾಳಿ, ಚನ್ನಗಿರಿ, ಜಗಳೂರು, ಯಾವ ಕಡೆ ನೋಡಿದರೂ ಡಿಪ್ಲೊಮಾ, ಬಿಸಿಎ, ಬಿಕಾಂ ಸೇರಿದ ಮಕ್ಕಳಿಗೆ ಲ್ಯಾಪ್‌ಟಾಪ್ ಬೇಕು. ಹೊಸದು ಎಂದರೆ ಮೂವತ್ತು ನಲವತ್ತು ಸಾವಿರದ ಮಾತು. ಹಾಗಾಗಿ ಮನೆಯವರು ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಿ ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ, ಇಲ್ಲವೇ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಸಂಬಂಧಿಕರಿಗೆ ಫೋನ್ ಮಾಡಿ 'ಎಸ್.ಪಿ. ರೋಡಲ್ಲಿ ಒಂದು ನೋಡಪ್ಪ' ಅನ್ನುತ್ತಾರೆ, ಅದೂ ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ 'ರಿಫರ್ಬಿಶ್ಡ್' ಎಂದು ಬರೆದದ್ದನ್ನು ತರಿಸುತ್ತಾರೆ. ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಹೊಸ ಅಗ್ಗದ ಯಂತ್ರಕ್ಕಿಂತ ಕಂಪನಿಯಿಂದ ಹೊರಬಿದ್ದ ಹಳೆಯ ಥಿಂಕ್‌ಪ್ಯಾಡ್ ಎಷ್ಟೋ ಸಲ ಗಟ್ಟಿ. ತೊಂದರೆ ಬರುವುದು ಒಳಗೆ ಏನು ಹಾಕಿದ್ದಾರೆ, ಹೇಗೆ ಹಾಕಿದ್ದಾರೆ ಎಂಬುದನ್ನು ಮುಚ್ಚಿಟ್ಟಾಗ. ಆಗ ಅಂಗಡಿಯವನು ಉಳಿಸಿದ ಖರ್ಚು ಎರಡು ವರ್ಷ ಬಿಟ್ಟು ಕೊಂಡವನ ತಲೆಗೆ ಬರುತ್ತದೆ.

ಕ್ರೋಮ್‌ಬುಕ್ ಹೇಗೆ ಇಲ್ಲಿಗೆ ಬರುತ್ತದೆ ಎಂಬುದರಿಂದ ಶುರು ಮಾಡೋಣ. ಪ್ರತಿ ಕ್ರೋಮ್‌ಬುಕ್ ಮಾದರಿಗೂ ಗೂಗಲ್ ಒಂದು ಕೊನೆಯ ದಿನ ಗೊತ್ತು ಮಾಡಿರುತ್ತದೆ. ಆ ದಿನದ ನಂತರ ಸುರಕ್ಷತಾ ಅಪ್‌ಡೇಟ್ ಇಲ್ಲ. ಅಮೆರಿಕದ ಶಾಲೆಗಳು ಇವನ್ನು ಸಾವಿರಗಟ್ಟಲೆ ಕೊಂಡಿದ್ದವು. ದಿನ ತೀರಿದ ಮೇಲೆ ಸುಸ್ಥಿತಿಯಲ್ಲಿದ್ದ ಯಂತ್ರಗಳನ್ನೂ ಲಾಟಿನಲ್ಲಿ ಮಾರಿಬಿಟ್ಟವು. ಇದರ ಬಗ್ಗೆ ಅಲ್ಲಿನ ಗ್ರಾಹಕ ಸಂಘಟನೆಗಳು ಗಲಾಟೆ ಎಬ್ಬಿಸಿದ ಮೇಲೆ, 2023ರ ಸೆಪ್ಟೆಂಬರ್‌ನಲ್ಲಿ ಗೂಗಲ್ 2021ರಿಂದೀಚಿನ ಮಾದರಿಗಳಿಗೆ 10 ವರ್ಷ ತಾನಾಗಿ ಅಪ್‌ಡೇಟ್ ಕೊಡುವುದಾಗಿ ಹೇಳಿತು. ಅದಕ್ಕಿಂತ ಹಿಂದಿನ 11 ಇಂಚಿನ ಏಸರ್, ಲೆನೊವೊ, ಡೆಲ್, ಎಚ್‌ಪಿ ಶಾಲಾ ಮಾದರಿಗಳೇ ಇಂದು ಅಗ್ಗದ ಸಂತೆಯಲ್ಲಿ ತುಂಬಿರುವುದು. ಸೆಲೆರಾನ್ ಎನ್3060ನಂಥ ಎರಡು ಕೋರಿನ ಪುಟ್ಟ ಪ್ರೊಸೆಸರ್, 4 ಜಿಬಿ ರ‍್ಯಾಮ್, 16 ಅಥವಾ 32 ಜಿಬಿ ಇಎಂಎಂಸಿ ಸಂಗ್ರಹ. ಬಹುತೇಕ ಮಾದರಿಗಳಲ್ಲಿ ರ‍್ಯಾಮೂ ಸಂಗ್ರಹವೂ ಬೋರ್ಡಿಗೇ ಬೆಸುಗೆ ಹಾಕಿದವು, ಬದಲಿಸಲು ಬರುವುದಿಲ್ಲ.

ಇದರಲ್ಲಿ ವಿಂಡೋಸ್ ಸುಮ್ಮನೆ ಪೆನ್‌ಡ್ರೈವ್ ಸಿಕ್ಕಿಸಿದರೆ ಕೂರುವುದಿಲ್ಲ. ಗುಂಡಿ ಒತ್ತಿದ ಕೂಡಲೇ ಮೊದಲು ಎಚ್ಚರವಾಗುವುದು ಬೋರ್ಡಿನ ಚಿಪ್‌ನಲ್ಲಿರುವ ಫರ್ಮ್‌ವೇರ್. ಮಾಮೂಲಿ ಲ್ಯಾಪ್‌ಟಾಪಿನಲ್ಲಿ ನಾವು ಬಯಾಸ್ ಎಂದು ಕರೆಯುವುದು ಇದನ್ನೇ. ಅದು ವಿಂಡೋಸೋ ಲಿನಕ್ಸೋ ಎಂದು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಕ್ರೋಮ್‌ಬುಕ್‌ನ ಫರ್ಮ್‌ವೇರ್ ಹಾಗಲ್ಲ. ಗೂಗಲ್‌ನ ಡಿಜಿಟಲ್ ಸಹಿ ಇರುವ ಕ್ರೋಮ್ ಓಎಸ್ ಮಾತ್ರ ಬೂಟ್ ಆಗಲಿ ಎಂದು ಅದು ಪ್ರತಿ ಸಲ ಪರೀಕ್ಷೆ ಮಾಡುತ್ತದೆ. ಆ ಫರ್ಮ್‌ವೇರನ್ನು ಯಾರೂ ಅಳಿಸದಂತೆ ಬೋರ್ಡಿನ ಮೇಲೆ ಬರಹ ತಡೆ ಇರುತ್ತದೆ. ಹಳೆಯ ಮಾದರಿಗಳಲ್ಲಿ ಅದು ನಿಜಕ್ಕೂ ಒಂದು ಸ್ಕ್ರೂ. ಆಮೇಲಿನವುಗಳಲ್ಲಿ ಗೂಗಲ್‌ನದೇ ಒಂದು ಭದ್ರತಾ ಚಿಪ್, ಕೆಲವದರಲ್ಲಿ ಬ್ಯಾಟರಿ ಕಳಚಿದರೆ ಮಾತ್ರ ತಡೆ ಹೋಗುತ್ತದೆ. ರಿಪೇರಿಯವರು ಹಿಂಬದಿ ಬಿಚ್ಚಿ ಆ ಸ್ಕ್ರೂ ತೆಗೆದು, ಡೆವಲಪರ್ ಮೋಡ್‌ಗೆ ಹೋಗಿ, ಮಿಸ್ಟರ್‌ಕ್ರೋಮ್‌ಬಾಕ್ಸ್ ಎಂಬ ಹೆಸರಿನಲ್ಲಿ ಉಚಿತವಾಗಿ ಸಿಗುವ ಬದಲಿ ಫರ್ಮ್‌ವೇರ್ ಬರೆಯುತ್ತಾರೆ. ಅದು ಕೋರ್‌ಬೂಟ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತದ್ದು, ನಿಜಕ್ಕೂ ಒಳ್ಳೆಯ ಕೆಲಸ. ಅದು ಕೂತ ಮೇಲೆ ಕ್ರೋಮ್‌ಬುಕ್ ಮಾಮೂಲಿ ಪಿಸಿಯಂತೆ ವರ್ತಿಸುತ್ತದೆ, ವಿಂಡೋಸ್ ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತದೆ.

ಇಲ್ಲಿಯವರೆಗೆ ಜಾಣತನವೇ. ಮುಂದೆ ಡ್ರೈವರ್‌ಗಳ ಕಥೆ. ಕ್ರೋಮ್‌ಬುಕ್‌ನ ಧ್ವನಿ ಚಿಪ್, ಟಚ್‌ಪ್ಯಾಡ್, ಕೀಬೋರ್ಡಿನ ಮೇಲಿನ ಸಾಲು, ಇವಕ್ಕೆ ಮೈಕ್ರೋಸಾಫ್ಟ್ ಡ್ರೈವರ್ ಬರೆದಿಲ್ಲ. ಹವ್ಯಾಸಿಗಳು ಬರೆದಿದ್ದಾರೆ. ಯಾವ ಮಾದರಿಗೆ ಬರೆದಿದ್ದಾರೋ ಅಲ್ಲಿ ಎಲ್ಲ ನಡೆಯುತ್ತದೆ. ಉಳಿದ ಕಡೆ ಸ್ಪೀಕರ್ ಮೂಕ, ಅಥವಾ ಮುಚ್ಚಳ ಮುಚ್ಚಿ ತೆರೆದರೆ ಟಚ್‌ಪ್ಯಾಡ್ ಸತ್ತಿರುತ್ತದೆ. ಅಂಗಡಿಯಲ್ಲಿ ಇದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಅಲ್ಲಿ ಯಾರೂ ಹಾಡು ಹಾಕಿ ಕೇಳುವುದಿಲ್ಲ, ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆಯುವುದಿಲ್ಲ. ಮನೆಗೆ ಬಂದ ಹುಡುಗಿ ಯಾವತ್ತೋ ಒಂದು ದಿನ ನಿಧಾನವಾಯಿತೆಂದು ವಿಂಡೋಸ್ 'ರೀಸೆಟ್' ಮಾಡಿದರೆ ಆ ಡ್ರೈವರ್‌ಗಳು ಹಾರಿಹೋಗಬಹುದು. ಆಮೇಲೆ ಅವನ್ನು ಎಲ್ಲಿಂದ ತರಬೇಕೆಂದು ಊರಿನ ಕಂಪ್ಯೂಟರ್ ರಿಪೇರಿಯವನಿಗೂ ತಿಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಗೋಳು ಜಾಗದ್ದು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೇಳುವ ಕನಿಷ್ಠ ಸಂಗ್ರಹ 64 ಜಿಬಿ. 16 ಜಿಬಿಯೊಳಗೆ ವಿಂಡೋಸ್ 10 ತುರುಕಿದರೂ ಉಳಿಯುವುದು ಚೂರುಪಾರು. ಮೊದಲ ದೊಡ್ಡ ಅಪ್‌ಡೇಟ್ ಬಂದಾಗ 'ಜಾಗ ಸಾಲದು' ಎಂದು ನಿಲ್ಲುತ್ತದೆ. ಮಾರುವವರಿಗೆ ಇದು ಗೊತ್ತು, ಹಾಗಾಗಿ ಅಪ್‌ಡೇಟನ್ನೇ ಮುಚ್ಚಿ ಕೊಡುವವರಿದ್ದಾರೆ. ಕೆಲವು ಹಳೆಯ ಏಸರ್ ಮಾದರಿಗಳಲ್ಲಿ ಮಾತ್ರ ಎಂ.2 ಎಸ್‌ಎಸ್‌ಡಿ ಇರುತ್ತದೆ, ಅದನ್ನು ದೊಡ್ಡದಕ್ಕೆ ಬದಲಿಸಬಹುದು. ಕೊಳ್ಳಲೇಬೇಕೆಂದಿದ್ದರೆ ಅಂಥದ್ದನ್ನು ಕೇಳಿ.

ಕ್ರೋಮ್‌ಬುಕ್ ಬಿಟ್ಟು ಮಾಮೂಲಿ ಲ್ಯಾಪ್‌ಟಾಪ್‌ಗಳಿಗೆ ಬಂದರೂ 'ಅನಧಿಕೃತ' ಎಂಬುದು ಬೇರೆ ವೇಷದಲ್ಲಿ ಬರುತ್ತದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಇನ್ನೊಂದು ವರ್ಷ ಸುರಕ್ಷತಾ ಅಪ್‌ಡೇಟ್ ಎಂದು ಮೈಕ್ರೋಸಾಫ್ಟ್ ಹೇಳಿದೆ, ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ಇಂಟೆಲ್ ಆದರೆ ಹೆಚ್ಚೂಕಡಿಮೆ 8ನೇ ತಲೆಮಾರು ಅಥವಾ ಅದರಾಚೆಯ ಪ್ರೊಸೆಸರ್ ಬೇಕು. ಬೆಂಗಳೂರಿನ ಐಟಿ ಕಂಪನಿಗಳು ಬಿಟ್ಟುಕೊಟ್ಟ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್, ಎಲೈಟ್‌ಬುಕ್‌ಗಳ ರಾಶಿಯಲ್ಲಿ ಅಗ್ಗಕ್ಕೆ ಸಿಗುವುದು 4ರಿಂದ 7ನೇ ತಲೆಮಾರಿನವೇ. ಅವುಗಳ ಮೇಲೆ ವಿಂಡೋಸ್ 11 ಕೂರಿಸಲು ಆ ಪರೀಕ್ಷೆಯನ್ನು ದಾಟಿಸುವ ಉಪಾಯಗಳಿವೆ. ರುಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಎರಡು ಟಿಕ್ ಹಾಕಿದರೆ ಸಾಕು. ಕೂರುತ್ತದೆ, ಓಡುತ್ತದೆ, ತಿಂಗಳ ಅಪ್‌ಡೇಟುಗಳೂ ಸದ್ಯಕ್ಕೆ ಬರುತ್ತವೆ. ಆದರೆ ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ತಾನಾಗಿ ಬರುವುದಿಲ್ಲ, ಪ್ರತಿ ಸಲ ಅದೇ ಉಪಾಯ ಮತ್ತೆ ಮಾಡಬೇಕು. ಇಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಬರೆದಿಟ್ಟಿದೆ. ನನ್ನ ಮಟ್ಟಿಗೆ ಇದು ದೊಡ್ಡ ಪಾಪವಲ್ಲ. ಅಂಗಡಿಯವನು ಬಾಯಿಬಿಟ್ಟು ಹೇಳಿ, ಬೆಲೆ ಇಳಿಸಿ ಕೊಟ್ಟರೆ ನ್ಯಾಯದ ವ್ಯಾಪಾರವೇ.

ಲೈಸೆನ್ಸ್ ಮಾತ್ರ ಬೇರೆ ಮಾತು. ಇಲ್ಲಿ ಜನರಿಗೆ ತಿಳಿಯದ ಒಂದು ಒಳ್ಳೆಯ ಸುದ್ದಿಯೂ ಇದೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಕಂಪನಿಯಿಂದಲೇ ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪ್‌ಗಳ ಲೈಸೆನ್ಸ್ ಕೀಲಿ ಬೋರ್ಡಿನ ಫರ್ಮ್‌ವೇರ್‌ನಲ್ಲೇ ಅಡಗಿರುತ್ತದೆ. ಹಾರ್ಡ್ ಡಿಸ್ಕ್ ಬದಲಿಸಿದರೂ ಅದು ಹೋಗುವುದಿಲ್ಲ. ವಿಂಡೋಸ್ 10 ಪ್ರೊ ಜೊತೆ ಮಾರಾಟವಾಗಿದ್ದ ಆಫೀಸ್ ಯಂತ್ರಕ್ಕೆ ಮತ್ತೆ ಅದೇ ಪ್ರೊ ಹಾಕಿ ಇಂಟರ್ನೆಟ್ ಕೊಟ್ಟರೆ ತಾನಾಗಿ, ಅಧಿಕೃತವಾಗಿಯೇ ಆಕ್ಟಿವೇಟ್ ಆಗುತ್ತದೆ. ಅಂದರೆ ಎಷ್ಟೋ ಅಂಗಡಿಗಳಲ್ಲಿ ಕಳ್ಳ ಆಕ್ಟಿವೇಟರ್ ಓಡಿಸುವ ಅಗತ್ಯವೇ ಇಲ್ಲ. ಆದರೂ ರೂಢಿಯಂತೆ ಎಲ್ಲದಕ್ಕೂ ಒಂದೇ ಪೆನ್‌ಡ್ರೈವ್, ಒಂದೇ ಆಕ್ಟಿವೇಟರ್, ಮೇಲೆ ಆಫೀಸ್, ಫೋಟೊಶಾಪ್, ಕೋರೆಲ್‌ಡ್ರಾ 'ಫ್ರೀ'. ಆ ಆಕ್ಟಿವೇಟರ್ ಓಡಬೇಕಾದರೆ ಮೊದಲು ಆಂಟಿವೈರಸ್ ಮುಚ್ಚಬೇಕು. ಮುಚ್ಚಿದ ಮೇಲೆ ಅದರ ಜೊತೆ ಇನ್ನೇನು ಒಳಗೆ ಬಂತು ಎಂದು ಹಾಕಿದವನಿಗೂ ಗೊತ್ತಿರುವುದಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ಮನೆಯವರ ನೆಟ್ ಬ್ಯಾಂಕಿಂಗ್, ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಪಿಡಿಎಫ್ ಎಲ್ಲ ಬರುತ್ತದೆ.

ಪರೀಕ್ಷೆ ಸುಲಭ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಸಣ್ಣ ಪೆಟ್ಟಿಗೆಯಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ ಡಿ, ಎಲ್, ಐ ಎಂದು ಹೊಡೆದು ಎಂಟರ್ ಕೊಡಿ. ಬರುವ ವಿವರದಲ್ಲಿ 'ಓಇಎಂ' ಅಥವಾ 'ರಿಟೇಲ್' ಎಂದಿದ್ದರೆ ಬಹುಮಟ್ಟಿಗೆ ಸರಿ. 'ವಾಲ್ಯೂಮ್' ಎಂದೂ 'ಕೆಎಂಎಸ್' ಎಂದೂ ಇದ್ದರೆ ಅದು ದೊಡ್ಡ ಸಂಸ್ಥೆಗಳಿಗೆ ಕೊಡುವ ಬಗೆ. 180 ದಿನಕ್ಕೊಮ್ಮೆ ಆ ಸಂಸ್ಥೆಯ ಸರ್ವರ್ ಜೊತೆ ಮಾತಾಡಿ ನವೀಕರಿಸಿಕೊಳ್ಳಬೇಕು. ಜಗಳೂರಿನ ಮನೆಯೊಂದರ ಲ್ಯಾಪ್‌ಟಾಪಿಗೆ ಅಂಥ ಸರ್ವರ್ ಎಲ್ಲಿಂದ ಬರಬೇಕು? ಹೀಗೆ ಕಂಡರೆ ಕಳ್ಳ ಆಕ್ಟಿವೇಟರ್ ಎಂದೇ ತಿಳಿಯಿರಿ. ಕೆಲವು ಹೊಸ ಆಕ್ಟಿವೇಟರ್‌ಗಳು ಈ ಪರೀಕ್ಷೆಯನ್ನೂ ದಾಟುತ್ತವೆ, ಆದ್ದರಿಂದ ಇದೊಂದನ್ನೇ ನಂಬಿ ಕೂರುವಂತಿಲ್ಲ. ಆನ್‌ಲೈನ್‌ನಲ್ಲಿ ಐನೂರಕ್ಕೆ ಮಾರುವ 'ಲೈಫ್‌ಟೈಮ್ ಕೀಲಿ'ಗಳೂ ಹಲವು ಸಲ ಯಾವುದೋ ಸಂಸ್ಥೆಯ ಪಾಲಿನವು, ಯಾವಾಗ ಬೇಕಾದರೂ ತಡೆಯಬಹುದು. ಅಧಿಕೃತ ದಾರಿಯೆಂದರೆ ಮೈಕ್ರೋಸಾಫ್ಟ್ ನೋಂದಾಯಿತ ರಿಫರ್ಬಿಶರ್‌ಗಳಿಗೆ ಕೊಡುವ ಅಗ್ಗದ ಲೈಸೆನ್ಸ್. ಅದಕ್ಕೆ ಬೇರೆಯದೇ ಸ್ಟಿಕರ್ ಬರುತ್ತದೆ.

ಕಾನೂನು ಇದನ್ನು ಹಗುರವಾಗಿ ನೋಡುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಕಳ್ಳಪ್ರತಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸುವುದು ಅಪರಾಧ: 7 ದಿನದಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರಕ್ಕಲ್ಲದೆ ಬಳಸಿದ್ದರೆ ಸೆರೆ ಬಿಟ್ಟು 50,000ದೊಳಗಿನ ದಂಡ ಹಾಕುವ ಅವಕಾಶ ನ್ಯಾಯಾಲಯಕ್ಕಿದೆ. ಮನೆಯ ವಿದ್ಯಾರ್ಥಿಯ ಬಾಗಿಲಿಗೆ ಯಾರೂ ಬರಲಿಕ್ಕಿಲ್ಲ. ಹೊನ್ನಾಳಿಯ ಡಿಟಿಪಿ ಅಂಗಡಿ, ಚನ್ನಗಿರಿಯ ಅಡಿಕೆ ಮಂಡಿಯ ಲೆಕ್ಕಪತ್ರದ ಕಂಪ್ಯೂಟರ್, ಇವು ವ್ಯಾಪಾರ. ಅವರು ಈ ಕಲಮನ್ನು ಒಮ್ಮೆ ಓದಿಕೊಳ್ಳುವುದು ವಾಸಿ.

ಆಪಲ್ ವಿಷಯ ಇನ್ನೂ ಬಿಗಿ. ಮಾಮೂಲಿ ಡೆಲ್‌ನಲ್ಲೋ ಎಚ್‌ಪಿಯಲ್ಲೋ ಆಪಲ್‌ನ ಮ್ಯಾಕ್ ಓಎಸ್ ಕೂರಿಸುವುದಕ್ಕೆ ಹವ್ಯಾಸಿಗಳು 'ಹ್ಯಾಕಿಂಟಾಶ್' ಎನ್ನುತ್ತಾರೆ. ಆಪಲ್ ತನ್ನ ಓಎಸ್ ಆಪಲ್ ಯಂತ್ರದಲ್ಲಿ ಮಾತ್ರ ಹಾಕಬೇಕೆಂದು ಲೈಸೆನ್ಸಿನಲ್ಲೇ ಬರೆದಿದೆ. ಇದನ್ನು ಧೈರ್ಯವಾಗಿ ವ್ಯಾಪಾರ ಮಾಡಲು ಹೊರಟವರು ಅಮೆರಿಕದ ಫ್ಲಾರಿಡಾದ ಸೈಸ್ಟಾರ್ ಕಂಪನಿಯವರು. 2008ರ ಏಪ್ರಿಲ್‌ನಲ್ಲಿ ಅವರು ಮ್ಯಾಕ್ ಓಎಸ್ ಹಾಕಿದ ಅಗ್ಗದ ಕಂಪ್ಯೂಟರ್ ಮಾರಲು ಶುರುಮಾಡಿದರು. ನಾವು ಓಎಸ್‌ಗೆ ದುಡ್ಡು ಕೊಟ್ಟು ಕೊಂಡಿದ್ದೇವೆ, ಕಳ್ಳತನ ಎಲ್ಲಿದೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದೇ ಇರಲಿಲ್ಲ. ಆದರೆ 2009ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶ ವಿಲಿಯಂ ಆಲ್ಸಪ್ ಆಪಲ್ ಪರ ತೀರ್ಪು ಕೊಟ್ಟರು: ಕೊಂಡ ಪ್ರತಿಯನ್ನು ಮಾರ್ಪಡಿಸಿ ನಕಲು ಮಾಡಿ ಬೇರೆ ಯಂತ್ರಗಳಿಗೆ ಹಾಕಿ ಮಾರಿದ್ದು ಕೃತಿಸ್ವಾಮ್ಯದ ಉಲ್ಲಂಘನೆ. 2011ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೂ ಇಂಥ ವ್ಯಾಪಾರ ಯಾವ ಕಡೆ ವಾಲುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

ನಮ್ಮ ಕಡೆ ಹೆಚ್ಚು ಕಣ್ಣಿಗೆ ಬೀಳುವುದು ಇದರ ಮೆದು ರೂಪ. 2015ರ ಮ್ಯಾಕ್‌ಬುಕ್ ಏರ್‌ಗೆ ಆಪಲ್ ಕೊನೆಯದಾಗಿ ಕೊಟ್ಟಿದ್ದು 2021ರ ಮಾಂಟೆರೆ ಆವೃತ್ತಿ. ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ಉಚಿತ ಸಾಧನದಿಂದ ಅದಕ್ಕೆ ಸೊನೋಮ, ಸಿಕೋಯ ಹಾಕಿ 'ಲೇಟೆಸ್ಟ್ ಮ್ಯಾಕ್' ಎಂದು ಮಾರುತ್ತಾರೆ. ಯಂತ್ರ ಆಪಲ್‌ನದೇ, ಓಎಸ್ಸೂ ಆಪಲ್‌ನದೇ, ಆದರೂ ಜೋಡಿ ಅನಧಿಕೃತ. ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ವೈಫೈ, ಗ್ರಾಫಿಕ್ಸ್ ತೇಪೆಗಳನ್ನು ಮತ್ತೆ ಹಾಕಬೇಕಾಗುತ್ತದೆ, ಕೆಲವು ಭದ್ರತಾ ಬೇಲಿಗಳನ್ನು ಇಳಿಸಿಡಬೇಕಾಗುತ್ತದೆ. ಆಪಲ್ ಮೆನುವಿನ 'ಅಬೌಟ್ ದಿಸ್ ಮ್ಯಾಕ್' ತೆರೆದರೆ ಯಂತ್ರದ ವರ್ಷ ಕಾಣುತ್ತದೆ. ಆ ವರ್ಷದ ಮಾದರಿಗೆ ಯಾವ ಆವೃತ್ತಿಯವರೆಗೆ ಅಧಿಕೃತ ಎಂದು ಆಪಲ್ ಜಾಲತಾಣದಲ್ಲೇ ನೋಡಬಹುದು. 2025ರ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಎಂದು ಆಪಲ್ ಹೇಳಿಯಾಗಿದೆ, ಹಾಗಾಗಿ ಇಂಟೆಲ್ ಮ್ಯಾಕ್ ಮೇಲೆ ಈಗ ದೊಡ್ಡ ದುಡ್ಡು ಹಾಕುವುದು ಬೇಡ. ಇನ್ನೊಂದು: ಶುರುವಿನಲ್ಲಿ 'ರಿಮೋಟ್ ಮ್ಯಾನೇಜ್‌ಮೆಂಟ್' ಎಂದು ಯಾವುದೋ ಕಂಪನಿಯ ಹೆಸರು ಬಂದರೆ ಆ ಯಂತ್ರ ಇನ್ನೂ ಆ ಕಂಪನಿಯ ಹಿಡಿತದಲ್ಲಿದೆ. ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಹಳೆಯ ಯಂತ್ರಕ್ಕೆ ಬೇರೆ ಕಂಪನಿಯ ಓಎಸ್ ಹಾಕಿ ಮಾರುವುದಕ್ಕೆ ನೇರ ದಾರಿ ಇಲ್ಲವೇ? ಇದೆ, ಎರಡಿದೆ. ಒಂದು ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್. 2022ರ ಜುಲೈಯಿಂದ ಎಲ್ಲರಿಗೂ ಉಚಿತ. ಹಳೆಯ ವಿಂಡೋಸ್ ಲ್ಯಾಪ್‌ಟಾಪ್, ಹಳೆಯ ಮ್ಯಾಕ್ ಎರಡಕ್ಕೂ ಹಾಕಲು ಗೂಗಲ್ಲೇ ಕೊಟ್ಟದ್ದು, ಪರೀಕ್ಷಿಸಿದ ಮಾದರಿಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಬ್ರೌಸರಿನಲ್ಲೇ ಎಲ್ಲ ಮಾಡುವವರಿಗೆ ಚೆನ್ನ. ಆಂಡ್ರಾಯ್ಡ್ ಆಪ್‌ಗಳು ಮಾತ್ರ ಇದರಲ್ಲಿ ನಡೆಯುವುದಿಲ್ಲ.

ಎರಡನೆಯದು ಲಿನಕ್ಸ್. ಇದು ನಗರದ ಹುಡುಗರ ಹುಚ್ಚು ಎಂದುಕೊಂಡವರು ಕಾಸರಗೋಡಿನ ಕಡೆ ನೋಡಬೇಕು. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಓಡುತ್ತಿರುವುದು ಉಬುಂಟು ಆಧಾರದ ಮೇಲೆ ಕೈಟ್ ಸಂಸ್ಥೆ ತಯಾರಿಸಿದ ಲಿನಕ್ಸ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಕಲಿಯುವುದು ಅದರಲ್ಲೇ. ಕನ್ನಡ ಟೈಪಿಂಗ್‌ಗೂ ಅಡ್ಡಿಯಿಲ್ಲ: ಕನ್ನಡ ಗಣಕ ಪರಿಷತ್ತಿನ ನುಡಿ ಕೀಲಿಮಣೆಯ ವಿನ್ಯಾಸ ಲಿನಕ್ಸ್‌ನ ಟೈಪಿಂಗ್ ಸಾಧನವಾದ ಐಬಸ್‌ನಲ್ಲಿ 'ಕೆಜಿಪಿ' ಎಂಬ ಹೆಸರಿನಲ್ಲಿ ಸಿಗುತ್ತದೆ. ನುಡಿಯ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳೂ ಇವೆ.

ಎಲ್ಲರಿಗೂ ಲಿನಕ್ಸ್ ಒಗ್ಗುತ್ತದೆ ಎಂದು ಹೇಳುವುದು ಮೋಸ. ಟ್ಯಾಲಿ ಬೇಕಾದವರಿಗೆ ವಿಂಡೋಸೇ ಬೇಕು. ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದ ಸೇವಾಲಾಲ್ ಜಾತ್ರೆಗೆ ದಾರಿಯುದ್ದಕ್ಕೂ ನಿಲ್ಲುವ ಫ್ಲೆಕ್ಸ್‌ಗಳ ಡಿಸೈನ್ ಮಾಡುವವರು ಕೋರೆಲ್‌ಡ್ರಾ ಬಿಟ್ಟು ಕದಲುವುದಿಲ್ಲ. ಗ್ರಾಮ ಒನ್, ಸಿಎಸ್‌ಸಿ ಕೇಂದ್ರಗಳ ಬೆರಳಚ್ಚು ಯಂತ್ರಗಳೂ ಹೆಚ್ಚಾಗಿ ವಿಂಡೋಸ್ ನೆಚ್ಚಿಕೊಂಡವು. ಇವರೆಲ್ಲ 8ನೇ ತಲೆಮಾರಿನ, ಫರ್ಮ್‌ವೇರ್‌ನಲ್ಲಿ ಕೀಲಿಯಿರುವ ಹಳೆಯ ಆಫೀಸ್ ಲ್ಯಾಪ್‌ಟಾಪ್ ಹುಡುಕಬೇಕು. ಐದಾರು ಸಾವಿರ ಹೆಚ್ಚಾದರೂ ಲೆಕ್ಕಕ್ಕೆ ಅದೇ ಅಗ್ಗ. ಓದಿಗೆ, ಆನ್‌ಲೈನ್ ಅರ್ಜಿಗೆ, ಪೈಥಾನ್ ಕಲಿಯಲು ಬೇಕಾದ ಬಿಸಿಎ ಹುಡುಗನಿಗೆ 6ನೇ ತಲೆಮಾರಿನ ಯಂತ್ರಕ್ಕೆ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್ ಹಾಕಿಸಿದರೆ ಧಾರಾಳ.

ಮಾರುವವರಿಗೂ ಒಂದು ಮಾತು. ನವೀಕರಿಸಿ ಮಾರುವುದೇ ಕಸುಬಾದರೆ 2022ರ ಇ-ತ್ಯಾಜ್ಯ ನಿಯಮಗಳಡಿ ರಿಫರ್ಬಿಶರ್ ಎಂದು ನೋಂದಣಿ ಇದೆ. ಹಳೆಯ ಸರಕಿಗೆ, ಕೊಂಡಾಗಿನ ತೆರಿಗೆ ವಾಪಸ್ ಪಡೆಯದಿದ್ದರೆ, ಲಾಭದ ಭಾಗಕ್ಕೆ ಮಾತ್ರ ಜಿಎಸ್‌ಟಿ ಕಟ್ಟುವ ಸವಲತ್ತೂ ಇದೆ. ಬಿಲ್ಲಿನಲ್ಲಿ 'ಹಳೆಯದು' ಎಂದು, ಮಾದರಿ, ಸೀರಿಯಲ್ ಸಂಖ್ಯೆ, ಹಾಕಿರುವ ಓಎಸ್, ಅದಕ್ಕೆ ಲೈಸೆನ್ಸ್ ಇದೆಯೋ ಇಲ್ಲವೋ, ಇಷ್ಟು ಬರೆದರೆ ನಾಳೆಯ ಜಗಳ ಇಂದೇ ತೀರುತ್ತದೆ. ಕ್ರೋಮ್‌ಬುಕ್ ಆದರೆ ಕ್ರೋಮ್‌ಬುಕ್ ಎಂದೇ ಬರೆಯಿರಿ.

ಬರೆಯದೆ ಮಾರಿದವರಿಂದ ಕೊಂಡು ಸಿಕ್ಕಿಹಾಕಿಕೊಂಡಿದ್ದರೆ ಬಿಲ್, ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ ಎತ್ತಿಟ್ಟುಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸರಕಿನ ಗುಣಮಟ್ಟ, ಮಾದರಿ ಬಗ್ಗೆ ಸುಳ್ಳು ಹೇಳುವುದೂ ಹಳೆಯದನ್ನು ಹೊಸದೆಂದು ಮಾರುವುದೂ ಅನುಚಿತ ವ್ಯಾಪಾರ ಪದ್ಧತಿ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಹೋಗಬೇಕು. ಕೊಂಡದ್ದು ಎಲ್ಲೇ ಆಗಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ದಾವಣಗೆರೆಯಲ್ಲೇ. ಅಷ್ಟರಲ್ಲಿ ಆ 16 ಜಿಬಿಯ ಕ್ರೋಮ್‌ಬುಕ್ ಮೂಲೆಗೆ ಬೀಳುವುದು ಬೇಡ. ಅದರ ಫರ್ಮ್‌ವೇರ್ ಹೇಗೂ ಬದಲಾಗಿದೆ. ವಿಂಡೋಸ್ ತೆಗೆದು ಹಗುರವಾದ ಲಿನಕ್ಸ್ ಹಾಕಿ. ಧ್ವನಿ ಕೈಕೊಟ್ಟರೆ ಯುಎಸ್‌ಬಿ ಇಯರ್‌ಫೋನ್ ಸಿಕ್ಕಿಸಿ. ಟೈಪಿಂಗ್ ಕಲಿಯಲು, ಪಾಠದ ವಿಡಿಯೊ ನೋಡಲು ಅದು ಇನ್ನೂ ಕೆಲಸಕ್ಕೆ ಬರುತ್ತದೆ.